ಅಪ್‌ಡೇಟ್: ಆರ್ ಪ್ಯಾಕೇಜಿನಲ್ಲಿ ಮೂಲ ಕ್ಲಾಸ್ ಸಿಗದಿದ್ದ ಸಮಸ್ಯೆ ಬಗೆಹರಿದಿದೆ

ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ನನ್ನ ಪ್ಯಾಕೇಜಿನಲ್ಲಿ (ಕೋಡ್ ಕಡತಗಳ ಕಟ್ಟಿನಲ್ಲಿ) ‘ಶೇಪ್’ ಎಂಬ ಮೂಲ ಕ್ಲಾಸಿನಿಂದ ‘ಸರ್ಕಲ್’ ಕ್ಲಾಸನ್ನು ಪಡೆದಿದ್ದೇನೆ. ಕ್ಲಾಸ್ ಎಂದರೆ ವಸ್ತುಗಳ ಮಾದರಿ; ಇವೆರಡೂ ಆರ್ ಭಾಷೆಯ ಎಸ್4 ಎಂಬ ಕ್ಲಾಸ್ ವ್ಯವಸ್ಥೆಯವು. ಪ್ಯಾಕೇಜ್ ಇನ್‌ಸ್ಟಾಲ್ ಮಾಡುವಾಗ ಮೂಲ ಕ್ಲಾಸಿನ ವ್ಯಾಖ್ಯೆಯೇ ಇಲ್ಲ ಎಂಬ ದೋಷ ಬರುತ್ತಿದೆ ಎಂದು ಕೇಳಿದ್ದೆ. ಕಡತಗಳ ಕ್ರಮ ನೋಡಿ ಎಂದವರ ಮಾತೇ ನಿಜವಾಯಿತು.

ಬೇರೆ ಸೂಚನೆ ಇಲ್ಲದಿದ್ದರೆ ಆರ್ ಕಡತಗಳನ್ನು ಅಕ್ಷರಾನುಕ್ರಮದಲ್ಲಿ ಓದುತ್ತದೆ. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಸಿ ಮೊದಲು, ಎಸ್ ಆಮೇಲೆ. ಹಾಗಾಗಿ ತಾಯಿ ಹುಟ್ಟುವ ಮೊದಲೇ ಮಗಳ ನಾಮಕರಣ ನಡೆಯುತ್ತಿತ್ತು! ಪ್ಯಾಕೇಜಿನ ವಿವರಗಳಿರುವ ಡಿಸ್ಕ್ರಿಪ್ಶನ್ ಕಡತದಲ್ಲಿ, ಓದುವ ಕ್ರಮ ಹೇಳುವ ‘ಕೊಲೇಟ್’ ಸಾಲಿನಲ್ಲಿ ಶೇಪ್ ಕಡತವನ್ನು ಮೊದಲು ಬರೆದೆ, ದೋಷ ಹೋಯಿತು. ಆ ಸಾಲು ಬರೆದರೆ ಎಲ್ಲ ಆರ್ ಕಡತಗಳ ಹೆಸರನ್ನೂ ಅಲ್ಲಿ ಸೇರಿಸಬೇಕು. ಕೋಡಿನಲ್ಲಿರುವ ಟಿಪ್ಪಣಿಗಳಿಂದ ಪ್ಯಾಕೇಜಿನ ದಾಖಲೆ ತಯಾರಿಸುವ ರಾಕ್ಸಿಜನ್ ಉಪಕರಣ ಬಳಸುವವರು ಸರ್ಕಲ್ ಕಡತದಲ್ಲಿ ‘ಇನ್‌ಕ್ಲೂಡ್’ ಟ್ಯಾಗ್ ಹಾಕಿದರೆ ಸಾಕು, ಪಟ್ಟಿಯನ್ನು ಅದೇ ತಯಾರಿಸುತ್ತದೆ.

ಮೂಲ ಕ್ಲಾಸ್ ಬೇರೆ ಪ್ಯಾಕೇಜಿನಲ್ಲಿದ್ದರೆ ಈ ಉಪಾಯ ನಡೆಯದು. ಬೇರೆ ಪ್ಯಾಕೇಜುಗಳಿಂದ ಏನನ್ನು ತರಬೇಕೆಂದು ಹೇಳುವ ನೇಮ್‌ಸ್ಪೇಸ್ ಕಡತದಲ್ಲಿ ‘ಇಂಪೋರ್ಟ್‌ಕ್ಲಾಸಸ್‌ಫ್ರಮ್’ ಬೇಕು. ಕ್ಲಾಸ್ ವ್ಯಾಖ್ಯೆ ಇನ್‌ಸ್ಟಾಲ್ ಹೊತ್ತಿನಲ್ಲೇ ಉಳಿಯುವುದರಿಂದ, ಆ ಪ್ಯಾಕೇಜಿನಲ್ಲಿ ಮೂಲ ಕ್ಲಾಸ್ ಬದಲಾದರೆ ನಮ್ಮದನ್ನೂ ಮತ್ತೆ ಇನ್‌ಸ್ಟಾಲ್ ಮಾಡುವುದು ಒಳ್ಳೆಯದು.

ಸರ್ಕಲ್ ವಸ್ತು ಶೇಪ್ ಕೂಡ ಹೌದೇ ಎಂದು ಪರೀಕ್ಷಿಸುವುದು ಹೇಗೆ ಎಂದು ಒಬ್ಬರು ಕೇಳಿದ್ದರು: ಕ್ಲಾಸ್ ಹೆಸರನ್ನು ಸಮಚಿಹ್ನೆಯಿಂದ ಹೋಲಿಸಿದರೆ ವಸ್ತುವಿನ ಸ್ವಂತ ಕ್ಲಾಸ್ ಮಾತ್ರ ಸಿಗುತ್ತದೆ, ಆದ್ದರಿಂದ ಸರ್ಕಲ್ ವಸ್ತು ‘ಶೇಪ್ ಅಲ್ಲ’ ಎಂದು ಉತ್ತರ ಬರುತ್ತದೆ. ವಸ್ತುವಿಗೆ ‘ಈಸ್’ ಫಂಕ್ಷನ್, ಎರಡು ಕ್ಲಾಸ್‌ಗಳ ನಂಟಿಗೆ ‘ಎಕ್ಸ್‌ಟೆಂಡ್ಸ್’ ಬಳಸುತ್ತಿದ್ದೇನೆ. ಎರಡೂ ಈಗ ‘ಟ್ರೂ’ ಎನ್ನುತ್ತಿವೆ.