ಗವರ್ನರ್ ಬದಲಿಸಿದರೂ ಪ್ರೊಸೆಸರ್ 800 ಮೆಗಾಹರ್ಟ್ಸ್ ಬಿಟ್ಟು ಮೇಲೇರುತ್ತಿಲ್ಲ

ಪ್ರಶ್ನೆ, ನಾಪೋಕ್ಲಿನಿಂದ:
ನಮಸ್ಕಾರ. ನಮ್ಮ ಕಾಫಿ ತೋಟದ ಲೆಕ್ಕ ಬರೆಯುವುದು 2 ಗಿಗಾಹರ್ಟ್ಸ್‌ನ ಕೋರ್ 2 ಡ್ಯುಯೊ ಇರುವ ಹಳೆಯ ಲ್ಯಾಪ್‌ಟಾಪಿನಲ್ಲಿ. ಅದರಲ್ಲಿರುವುದು ಡೆಬಿಯನ್ ಲಿನಕ್ಸ್‌ನ ಹಳೆಯ ಆವೃತ್ತಿ. ಕಳೆದ ವಾರದಿಂದ ಬಟವಾಡೆ ಪಟ್ಟಿ ತೆರೆಯುವುದಕ್ಕೂ ಒಂದು ನಿಮಿಷ ಹಿಡಿಯುತ್ತಿದೆ. ಪ್ರೊಸೆಸರ್ ವೇಗ ಹೊಂದಿಸುವ ಉಪಕರಣವಾದ ಸಿಪಿಯುಫ್ರೀಕ್-ಸೆಟ್ ಮೂಲಕ ಗವರ್ನರನ್ನು (ವೇಗ ಯಾವಾಗ ಏರಬೇಕೆಂದು ನಿರ್ಧರಿಸುವ ನೀತಿ) ಆನ್‌ಡಿಮ್ಯಾಂಡ್‌ನಿಂದ (ಬೇಕಾದಾಗ ಮಾತ್ರ ವೇಗ) ಪರ್ಫಾರ್ಮೆನ್ಸ್‌ಗೆ (ಸದಾ ಗರಿಷ್ಠ ವೇಗ) ಬದಲಿಸಿದೆ. ದೋಷದ ಸಂದೇಶವೇನೂ ಬರಲಿಲ್ಲ, ವೇಗವೂ ಹೆಚ್ಚಲಿಲ್ಲ. ಈ ಉಪಕರಣವೇ ಕೆಟ್ಟಿದೆಯೇ?

ಉತ್ತರ, ಮಡಿಕೇರಿಯಿಂದ:
ಆ ಉಪಕರಣ ಹಳೆಯದು. 2011ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನೆಲ್ 3.1ರೊಂದಿಗೆ ಸಿಪಿಯುಪವರ್ ಎಂಬ ಉಪಕರಣ ಬಂದ ಮೇಲೆ ಅದರ ಜಾಗವನ್ನು ಇದೇ ತುಂಬಿತು. ಕೋರ್ (ಪ್ರೊಸೆಸರಿನೊಳಗಿನ ಒಂದು ಗಣಕ ಘಟಕ) ಯಾವುದೆಂದು ಹೇಳದಿದ್ದರೆ ಸಿಪಿಯುಫ್ರೀಕ್-ಸೆಟ್ ಮೊದಲನೆಯ ಕೋರನ್ನು ಮಾತ್ರ ಬದಲಿಸುತ್ತದೆ, ಸಿಪಿಯುಪವರ್ ಎಲ್ಲವನ್ನೂ ಬದಲಿಸುತ್ತದೆ. ಆದರೆ ಒಂದು ಕೋರ್ ಕೂಡ ಏರಿಲ್ಲವೆಂದರೆ ಕಾರಣ ಬೇರೆಯೇ ಇರಬೇಕು. ಕರ್ನೆಲ್ ತನ್ನ ಸ್ಥಿತಿಯನ್ನು ಕಡತಗಳಾಗಿ ತೋರಿಸುವ ಸಿಸ್ ಕಡತವ್ಯವಸ್ಥೆಯಲ್ಲಿ ಮೊದಲ ಕೋರಾದ ಸಿಪಿಯು0ರ ಸಿಪಿಯುಫ್ರೀಕ್ ಫೋಲ್ಡರ್ ತೆರೆದು ವೇಗ ಬದಲಿಸುವ ಡ್ರೈವರ್ ಯಾವುದು, ಗರಿಷ್ಠ ಮಿತಿ ಎಷ್ಟು ಎಂದು ದಯವಿಟ್ಟು ತಿಳಿಸಿ. ಇಂಟೆಲ್ ಪಿಸ್ಟೇಟ್ ಡ್ರೈವರ್ ಬಗೆಗಿನ ಸಲಹೆಗಳನ್ನು ಅನುಸರಿಸಬೇಡಿ. ಅದು ಕೋರ್ 2ಗಿಂತ ಹೊಸದಾದ ಸ್ಯಾಂಡಿ ಬ್ರಿಡ್ಜ್ ಪೀಳಿಗೆಯ ಮತ್ತು ಅದರ ನಂತರದ ಪ್ರೊಸೆಸರ್‌ಗಳಿಗೆ ಮಾತ್ರ.

ಪ್ರಶ್ನೆ ಕೇಳಿದವರು:
ಡ್ರೈವರ್ ಎಸಿಪಿಐ-ಸಿಪಿಯುಫ್ರೀಕ್. ಗರಿಷ್ಠ ಮಿತಿಯ ಕಡತಕ್ಕೆ ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ 2000000 ಕಿಲೋಹರ್ಟ್ಸ್, ಅಂದರೆ 2 ಗಿಗಾಹರ್ಟ್ಸ್, ಎಂದು ಬರೆದರೂ ಮರುಕ್ಷಣ ಓದಿದಾಗ 800000 ಎಂದೇ ಇರುತ್ತದೆ. ವೇಗದ ವಿವರ ತೋರಿಸುವ ಸಿಪಿಯುಫ್ರೀಕ್-ಇನ್ಫೊ ಕೂಡ ಈಗಿನ ಮಿತಿ 800ರಿಂದ 800 ಮೆಗಾಹರ್ಟ್ಸ್ ಎನ್ನುತ್ತದೆ.

ಉತ್ತರ, ಸೋಮವಾರಪೇಟೆಯಿಂದ:
ಹಾಗಾದರೆ ತಡೆ ಬಯಾಸ್‌ನಿಂದ (ಯಂತ್ರದಲ್ಲೇ ಅಡಕವಾಗಿರುವ ಮೂಲ ತಂತ್ರಾಂಶ) ಬರುತ್ತಿದೆ. ಅದೇ ಫೋಲ್ಡರಿನಲ್ಲಿರುವ ಬಯಾಸ್_ಲಿಮಿಟ್ ಕಡತವನ್ನು ಓದಿ. ಅಲ್ಲಿಯೂ 800000 ಕಿಲೋಹರ್ಟ್ಸ್ ಇದ್ದರೆ, ಗವರ್ನರ್ ಯಾವುದೇ ಇರಲಿ, ಕರ್ನೆಲ್ ಆ ಗೆರೆ ದಾಟುವುದಿಲ್ಲ. ಇತ್ತೀಚೆಗೆ ಚಾರ್ಜರ್ ಬದಲಿಸಿದ್ದೀರಾ? ಕೆಲವು ತಯಾರಕರ ಚಾರ್ಜರ್ ಪಿನ್ನಿನ ನಡುವೆ ಸೂಜಿಯಂಥ ತಂತಿಯಿದ್ದು, ಅದರ ಮೂಲಕವೇ ತನ್ನ ವ್ಯಾಟ್ ಎಷ್ಟೆಂದು ಯಂತ್ರಕ್ಕೆ ತಿಳಿಸುತ್ತದೆ. ಆ ಸೂಚನೆ ಸಿಗದಿದ್ದರೆ ಬಯಾಸ್ ಪ್ರೊಸೆಸರನ್ನು ಕನಿಷ್ಠ ವೇಗಕ್ಕೆ ಇಳಿಸಿಬಿಡುತ್ತದೆ. ಬೂಟ್ ಆಗುವಾಗ, ಬಯಾಸ್‌ನ ಮಿತಿಯನ್ನು ಕಡೆಗಣಿಸುವಂತೆ ಕರ್ನೆಲ್‌ಗೆ ಹೇಳುವ ಪ್ರೊಸೆಸರ್.ಇಗ್ನೋರ್_ಪಿಪಿಸಿ=1 ಎಂದು ಕೊಟ್ಟರೆ ಮಿತಿ ತೊಲಗೀತು, ಆದರೆ ಕಡಿಮೆ ವ್ಯಾಟಿನ ಚಾರ್ಜರ್ ಆ ಹೊರೆಗೆ ಕಾದು ಸುಟ್ಟುಹೋಗಬಹುದೆಂಬ ಭಯ ನನಗಿದೆ, ಆದ್ದರಿಂದ ಮೊದಲು ಚಾರ್ಜರನ್ನೇ ಪರೀಕ್ಷಿಸಿ.

ಪ್ರಶ್ನೆ ಕೇಳಿದವರು:
ತಾವು ಹೇಳಿದ್ದೇ ನಿಜ. ಮಳೆಗಾಲದ ವಿದ್ಯುತ್ ಏರಿಳಿತಕ್ಕೆ ಹಳೆಯ ಚಾರ್ಜರ್ ಸುಟ್ಟುಹೋಗಿ, ಹದಿನೈದು ದಿನಗಳ ಹಿಂದೆ ವಿರಾಜಪೇಟೆಯಲ್ಲಿ ಬೇರೊಂದನ್ನು ಕೊಂಡಿದ್ದೆ. ಮೊನ್ನೆಮೊನ್ನೆಯವರೆಗೂ ಬಳಸಿದ್ದು ಹೆಚ್ಚಾಗಿ ಬ್ಯಾಟರಿಯನ್ನೇ, ಹಾಗಾಗಿ ಸಂಬಂಧ ಹೊಳೆಯಲಿಲ್ಲ. ಪಕ್ಕದ ತೋಟದವರಿಂದ ಅದೇ ತಯಾರಕರ 90 ವ್ಯಾಟ್ ಚಾರ್ಜರ್ ತಂದು ಚುಚ್ಚಿದೊಡನೆ ಬಯಾಸ್_ಲಿಮಿಟ್ 2000000 ತೋರಿಸಿತು. ಗವರ್ನರನ್ನು ಮತ್ತೆ ಆನ್‌ಡಿಮ್ಯಾಂಡ್‌ಗೆ ತಂದಿದ್ದೇನೆ. ಬಟವಾಡೆ ಪಟ್ಟಿ ಈಗ ಕ್ಷಣದಲ್ಲಿ ತೆರೆಯುತ್ತಿದೆ. ಇಬ್ಬರಿಗೂ ಕೃತಜ್ಞತೆಗಳು.