1982ರ ಎವಿನ್‌ರೂಡ್: ಕೀ ಆಫ್ ಮಾಡಿದರೂ ಇಂಜಿನ್ ನಿಲ್ಲುತ್ತಿಲ್ಲ

ಗಂಗೊಳ್ಳಿ ಹುಡುಗ:
ನಮಸ್ಕಾರ. ನಾನೀಗ ಇರುವುದು ಅಮೆರಿಕದ ಮಿಲ್ವಾಕಿಯಲ್ಲಿ. ವಿನ್ನೆಬಾಗೊ ಸರೋವರದಲ್ಲಿ ಮೀನು ಹಿಡಿಯೋಣ ಅಂತ ಹಳೇ ಅಲ್ಯೂಮಿನಿಯಂ ದೋಣಿ ತಗೊಂಡಿದ್ದೇನೆ. ಜೊತೆಗೆ ಬಂದದ್ದು ದೋಣಿಯ ಹಿಂದೆ ಕೂರಿಸುವ ಇಂಜಿನ್, 1982ರ ಎವಿನ್‌ರೂಡ್, 25 ಎಚ್‌ಪಿ, ಸೆಲ್ಫ್ ಸ್ಟಾರ್ಟ್, ರಿಮೋಟ್ ಕಂಟ್ರೋಲ್. ಈ ಕಂಪನಿ ಹುಟ್ಟಿದ್ದೇ ಈ ಊರಿನಲ್ಲಿ. ಹಾಗಾಗಿ ಇಂಜಿನ್ನನ್ನು ಉಳಿಸಿಕೊಳ್ಳಲೇಬೇಕು ಅನ್ನಿಸಿದೆ.

ಹಿಂದಿನ ಮಾಲೀಕರು ಹಳೇ ಕೀ ಸ್ವಿಚ್ ತೆಗೆದು ಟ್ರ್ಯಾಕ್ಟರಿನದ್ದು ಹಾಕಿದ್ದಾರೆ. ಅದಕ್ಕೆ ಬಿ (ಬ್ಯಾಟರಿ), ಐ (ಇಗ್ನಿಷನ್), ಎಸ್ (ಸ್ಟಾರ್ಟ್) ಅಂತ ಮೂರೇ ಟರ್ಮಿನಲ್. ಸ್ಟಾರ್ಟ್ ಆಗುತ್ತದೆ, ಆದರೆ ಕೀ ಆಫ್ ಮಾಡಿದರೆ ನಿಲ್ಲುವುದಿಲ್ಲ. ಚೋಕ್ ಎಳೆದು ನಿಲ್ಲಿಸಬೇಕು. ಕಪ್ಪು ಮೇಲೆ ಹಳದಿ ಗೆರೆಯ ಒಂದು ವೈರ್ ಟೇಪ್ ಸುತ್ತಿ ಸುಮ್ನೆ ನೇತಾಡುತ್ತಿದೆ. ಅದನ್ನು ‘ಐ’ಗೆ ಕೊಟ್ಟರೆ ಸರಿಹೋಗುತ್ತದಾ?

ಮಲ್ಪೆ ಬಂದರು:
ಬೇಡ ಮಾರಾಯ್ರೆ, ಅದನ್ನು ಮುಟ್ಟಬೇಡಿ! ‘ಐ’ಗೆ ಕೊಟ್ಟು ಕೀ ತಿರುಗಿಸಿದರೆ 12 ವೋಲ್ಟ್ ನೇರ ಪವರ್‌ಪ್ಯಾಕಿಗೆ, ಅಂದರೆ ಕಿಡಿ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ, ಹೋಗುತ್ತದೆ. ಪವರ್‌ಪ್ಯಾಕ್ ಸುಟ್ಟೇ ಹೋಗುತ್ತದೆ.

ಕಾರು, ಟ್ರ್ಯಾಕ್ಟರಿನ ಸ್ವಿಚ್ ಕರೆಂಟ್ ಕೊಟ್ಟು ಇಂಜಿನ್ ಓಡಿಸುತ್ತದೆ, ಕರೆಂಟ್ ತೆಗೆದು ನಿಲ್ಲಿಸುತ್ತದೆ. ನಿಮ್ಮ ಇಂಜಿನ್ ಹಾಗಲ್ಲ. ಅದರ ಕಿಡಿಗೆ ಬ್ಯಾಟರಿಯೇ ಬೇಡ. ಫ್ಲೈವೀಲಿನ (ಇಂಜಿನ್ ಮೇಲೆ ತಿರುಗುವ ಭಾರದ ಚಕ್ರ) ಅಯಸ್ಕಾಂತ ತಿರುಗುವಾಗ ಒಳಗಿನ ಕಾಯಿಲ್‌ನಲ್ಲಿ ಕರೆಂಟ್ ಹುಟ್ಟುತ್ತದೆ. ಅದಕ್ಕೇ ಕೀ ಆಫ್ ಮಾಡಿದರೂ ಓಡುತ್ತಲೇ ಇರುತ್ತದೆ. ನಿಲ್ಲಿಸಬೇಕೆಂದರೆ ಆ ಕಪ್ಪು-ಹಳದಿ ವೈರನ್ನು ಅರ್ಥ್ ಮಾಡಬೇಕು, ಇಂಜಿನ್ನಿನ ಲೋಹದ ಮೈಗೆ ಕೂಡಿಸಬೇಕು. ಅಂದರೆ ಆಫ್‌ನಲ್ಲಿ ಕೂಡಿಕೊಂಡು ಆನ್‌ನಲ್ಲಿ ಬಿಟ್ಟುಕೊಳ್ಳುವ ಸ್ವಿಚ್ ಬೇಕು. ಮ್ಯಾಗ್ನೆಟೋ ಸ್ವಿಚ್ ಅಂತ ಕೇಳಿ. ಅದರಲ್ಲಿ ‘ಎಂ’ ಅಂತ ಎರಡು ಟರ್ಮಿನಲ್ ಇರುತ್ತವೆ. ಒಂದಕ್ಕೆ ಕಪ್ಪು-ಹಳದಿ, ಇನ್ನೊಂದಕ್ಕೆ ಕಪ್ಪು ಅರ್ಥ್.

ಬಾಕಿಯದು ಸುಲಭ. ಕೆಂಪು-ನೇರಳೆ ಬ್ಯಾಟರಿಯಿಂದ ಫ್ಯೂಸ್ ದಾಟಿ ಬರುವುದು, ಅದು ‘ಬಿ’ಗೆ. ಹಳದಿ-ಕೆಂಪು ಸ್ಟಾರ್ಟರ್ ಸೊಲೆನಾಯ್ಡಿನದ್ದು (ಸ್ಟಾರ್ಟರ್ ಮೋಟರಿಗೆ ಕರೆಂಟ್ ಬಿಡುವ ರಿಲೇ), ‘ಎಸ್’ಗೆ. ನೇರಳೆ-ಬಿಳಿ ಚೋಕಿನದ್ದು. ಆದರೆ ಬಣ್ಣ ನೋಡಿ ಮಾತ್ರ ನಂಬಬೇಡಿ. ಹಿಂದಿನವರು ಮಧ್ಯದಲ್ಲಿ ಬೇರೆ ವೈರ್ ಸೇರಿಸಿರಬಹುದು. ಮೊದಲು ಬ್ಯಾಟರಿ ಬಿಚ್ಚಿ, ಆಮೇಲೆ ಪ್ರತಿ ವೈರಿನ ಎರಡೂ ತುದಿಗೆ ಮಲ್ಟಿಮೀಟರ್ ಹಿಡಿದು ಯಾವುದು ಎಲ್ಲಿಗೆ ಹೋಗುತ್ತದೆ ನೋಡಿ.

ಗಂಗೊಳ್ಳಿ ಹುಡುಗ:
ತುಂಬಾ ಉಪಕಾರ ಅಣ್ಣಾ. ಹೊಸ ಸ್ವಿಚ್ ಹಾಕಿದ ಮೇಲೆ ಕಿಡಿ ಬರದಿದ್ದರೆ?

ಮಲ್ಪೆ ಬಂದರು:
ಆಗ ಪವರ್‌ಪ್ಯಾಕ್ ಹತ್ತಿರವೇ ಕಪ್ಪು-ಹಳದಿಯನ್ನು ಬಿಚ್ಚಿ ಮತ್ತೆ ನೋಡಿ. ಕಿಡಿ ಬಂದರೆ ತಪ್ಪು ಸ್ವಿಚ್ಚಿನಲ್ಲೋ ವೈರಿನಲ್ಲೋ ಇದೆ, ಇಂಜಿನ್ ಒಳಗಲ್ಲ. ಬರಲಿಲ್ಲವೆಂದರೆ ಮಾತ್ರ ಫ್ಲೈವೀಲ್ ಕೆಳಗೆ ನೋಡುವುದು. ಇದನ್ನು ಮಾಡದೆ ಪವರ್‌ಪ್ಯಾಕ್ ಕೊಳ್ಳಬೇಡಿ. ಎಷ್ಟೋ ಒಳ್ಳೇ ಪವರ್‌ಪ್ಯಾಕ್‌ಗಳು ಹೀಗೇ ಸುಮ್ನೆ ಗುಜರಿಗೆ ಹೋಗುತ್ತವೆ. ನನಗೆ ಅದು ಸಂಕಟ.

ಕಾಳಿ ತೀರ:
ಒಂದು ಸೇರಿಸುತ್ತೇನೆ. ವೈರ್ ತಿರುಚಿ ಕರಿ ಟೇಪ್ ಸುತ್ತಿದ ಜಾಯಿಂಟ್ ಎಲ್ಲಾ ಕತ್ತರಿಸಿ ಹಾಕಿ. ಒಳಗೆ ನೀರು ಕೂತು ತಾಮ್ರ ಹಸಿರಾಗಿರುತ್ತದೆ. ತವರ ಲೇಪದ ಬೋಟ್ ವೈರ್ ಸಿಗುತ್ತದೆ, ಅದನ್ನೇ ಹಾಕಿ. ಬಿಸಿ ಮಾಡಿದರೆ ಬಿಗಿದುಕೊಳ್ಳುವ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಟ್ಯೂಬ್ ಹಾಕಿದರೆ ನೀರು ಹೋಗುವುದಿಲ್ಲ. ಅರ್ಥ್ ಬೋಲ್ಟಿನ ಕೆಳಗೆ ಬಣ್ಣ ಕೆರೆದು ಲೋಹ ಕಾಣುವಂತೆ ಮಾಡಿ. ಅರ್ಥ್ ಸರಿಯಿಲ್ಲದಿದ್ದರೆ ಹೊಸ ಸ್ವಿಚ್ ಹಾಕಿದರೂ ಇಂಜಿನ್ ನಿಲ್ಲುವುದಿಲ್ಲ.

ಮಲ್ಪೆ ಬಂದರು:
ಹೌದು, ಸರಿಯಾಗಿ ಹೇಳಿದಿರಿ. ಇನ್ನೊಂದು, ಕೈಗೆ ಕಟ್ಟುವ ಹಗ್ಗದ ಸ್ಟಾಪ್ ಸ್ವಿಚ್ ಕೂಡ ಇದೇ ಕಪ್ಪು-ಹಳದಿಯನ್ನೇ ಅರ್ಥ್ ಮಾಡುವುದು. ಈಗಲೇ ಅದನ್ನೂ ಹಾಕಿಸಿಕೊಳ್ಳಿ. ನೀವು ನೀರಿಗೆ ಬಿದ್ದರೆ ದೋಣಿ ಓಡಿಹೋಗಬಾರದು. ಪರೀಕ್ಷೆ ಮಾಡುವಾಗ ಇಂಜಿನ್ನಿನ ಕೆಳಭಾಗ ನೀರು ತುಂಬಿದ ಡ್ರಮ್ಮಿನಲ್ಲಿ ಇರಲಿ. ನೀರಿಲ್ಲದೆ ಓಡಿಸಿದರೆ ಇಂಜಿನ್ ತಣ್ಣಗಿಡುವ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ (ರೆಕ್ಕೆಚಕ್ರ) ಹೋಗುತ್ತದೆ. ಸ್ವಿಚ್ ಬಂದ ಮೇಲೆ ಹಿಂಭಾಗದ ಫೋಟೋ ಹಾಕಿ, ಟರ್ಮಿನಲ್ ನೋಡಿ ಹೇಳುತ್ತೇನೆ.