ಕಾಮಿಶಿಬಾಯ್ ಮನೇಲಿ ಮಾಡೋಕೆ ಮರದ ಪೆಟ್ಟಿಗೆ ಬೇಕೇ ಬೇಕಾ?

ಇಬ್ಬರಮ್ಮ:
ನಾವು ಸದ್ಯ ಜಪಾನಿನಲ್ಲಿದ್ದೇವೆ. ಇಲ್ಲಿನ ಪಬ್ಲಿಕ್ ಲೈಬ್ರರಿಯಲ್ಲಿ ಕಾಮಿಶಿಬಾಯ್ (ಚಿತ್ರದ ಹಾಳೆಗಳನ್ನು ಒಂದೊಂದಾಗಿ ತೋರಿಸುತ್ತಾ ಕಥೆ ಹೇಳೋ ಜಪಾನಿ ಪದ್ಧತಿ) ಸೆಟ್‌ಗಳನ್ನು ಪುಸ್ತಕದ ಹಾಗೇ ಮನೆಗೆ ಕೊಡುತ್ತಾರೆ. ದೊಡ್ಡ ದಪ್ಪ ಹಾಳೆಗಳು, ಮುಂದೆ ಚಿತ್ರ, ಹಿಂದೆ ಕಥೆ. ಮಗಳಿಗೆ ನಾಲ್ಕು ವರ್ಷ, ಮಗನಿಗೆ ಎಂಟು. ಕೈಯಲ್ಲಿ ಹಿಡಿದು ತೋರಿಸಿದರೆ ಸಾಲದಾ, ಬಾಗಿಲಿರೋ ಆ ಮರದ ಪೆಟ್ಟಿಗೆ (ಬುತೈ ಅಂತಾರಲ್ಲ) ಬೇಕೇ ಬೇಕಾ? ಚಿತ್ರಪುಸ್ತಕ ಓದಿ ಹೇಳೋದಕ್ಕಿಂತ ಇದರಲ್ಲಿ ಅಂಥದ್ದೇನಿದೆ? ನಾನು ಹೇಳೋದು ಕನ್ನಡದಲ್ಲಿ, ಅದೂ ಗಮನದಲ್ಲಿರಲಿ.

ಪರದೆಹಿಂದೆ:
ಪೆಟ್ಟಿಗೆ ಇದ್ದರೇ ಮಜಾ. ಪುಸ್ತಕದಲ್ಲಿ ಪುಟ ಮಗುಚಿದ ತಕ್ಷಣ ಹೊಸ ಚಿತ್ರ ಪೂರ್ತಿ ಎದುರಿಗೆ ಬಂದುಬಿಡುತ್ತದೆ. ಇಲ್ಲಿ ಹಾಗಲ್ಲ, ಹಾಳೆಯನ್ನು ನೋಡುವವರ ಎಡಗಡೆಗೆ ಎಳೆಯುತ್ತೀರಿ, ಎಳೆದ ಹಾಗೆಲ್ಲ ಮುಂದಿನ ಚಿತ್ರ ಬಲಗಡೆಯಿಂದ ಸ್ವಲ್ಪ ಸ್ವಲ್ಪವೇ ಕಾಣುತ್ತಾ ಬರುತ್ತದೆ, ಅರ್ಧಕ್ಕೆ ನಿಲ್ಲಿಸಿದರೆ ಹಳೇ ಚಿತ್ರದ ಅರ್ಧ ಹೊಸದರ ಅರ್ಧ ಒಟ್ಟಿಗೆ ಇರುತ್ತವೆ, ಆಗ ನೋಡಬೇಕು ಮಕ್ಕಳ ಮುಖ! ಕಥೆಯಲ್ಲಿ ಯಾರಾದರೂ ಬಿದ್ದರೆ ಸರ್ರಂತ ಎಳೀರಿ, ರಾತ್ರಿಯಾದರೆ ನಿಧಾನಕ್ಕೆ. ಚಿತ್ರ ಬರೆಯುವವರೂ ಇದನ್ನೆಲ್ಲ ಲೆಕ್ಕ ಹಾಕಿಯೇ ಬರೆದಿರುತ್ತಾರೆ. ಎಷ್ಟೋ ಸೆಟ್‌ಗಳಲ್ಲಿ ಎಲ್ಲಿಯವರೆಗೆ ಎಳೆಯಬೇಕು ಅಂತ ಹಿಂದುಗಡೆಯೇ ಸೂಚನೆ ಇರುತ್ತದೆ.

ಕೈಯಲ್ಲಿ ಹಿಡಿದರೆ ಹಾಳೆ ಅಲ್ಲಾಡುತ್ತದೆ, ಎಳೆಯೋಕೆ ಇನ್ನೊಂದು ಕೈ ಸಾಲೋದಿಲ್ಲ. ಆದರೆ ಮರದ್ದೇ ಆಗಬೇಕಿಲ್ಲ, ಒಂದು ಪಕ್ಕ ತೆರೆದಿರೋ ರಟ್ಟಿನ ಪೆಟ್ಟಿಗೆಯೂ ನಡೆಯುತ್ತದೆ. ಕೆಲವು ಲೈಬ್ರರಿಗಳು ಬುತೈ ಕೂಡ ಕೊಡುತ್ತವೆ, ಮೊದಲು ಕೌಂಟರ್‌ನಲ್ಲಿ ಕೇಳಿ. ಮತ್ತೆ ಪೆಟ್ಟಿಗೆ ಹಿಂದೆ ಅಡಗಿ ಕೂರಬೇಡಿ. ಪಕ್ಕದಲ್ಲಿ ನಿಲ್ಲಿ, ನಿಮ್ಮ ಮುಖ ಅವರಿಗೆ ಕಾಣಬೇಕು.

ಹಳೇಸೈಕಲ್:
ಪೆಟ್ಟಿಗೆಯ ವಿಷಯ ಬಂತಲ್ಲ, ಇದು ಮೊದಲು ಸೈಕಲ್ ಮೇಲೆ ಇದ್ದದ್ದು. 1930ರ ಸುಮಾರಿಗೆ ಟೋಕಿಯೊದಲ್ಲಿ ಶುರುವಾಯಿತು. ಆರ್ಥಿಕ ಕುಸಿತದ ಕಾಲ, ಕೆಲಸ ಕಳೆದುಕೊಂಡವರು ತುಂಬಾ ಜನ ಈ ದಾರಿ ಹಿಡಿದರು. ಸೈಕಲ್ ನಿಲ್ಲಿಸಿ ಹ್ಯೋಶಿಗಿ ಅನ್ನೋ ಎರಡು ಮರದ ತುಂಡು ಟಕ್ ಟಕ್ ಬಡಿದರೆ ಬೀದಿಯ ಮಕ್ಕಳೆಲ್ಲ ಹಾಜರು. ಸಂಪಾದನೆ ಕಥೆಯಿಂದಲ್ಲ, ಮಿಠಾಯಿಯಿಂದ. ಮಿಠಾಯಿ ಕೊಂಡವರಿಗೆ ಮುಂದಿನ ಜಾಗ. ಕಥೆ ಸರಿಯಾಗಿ ಬಿಗಿಯಾಗೋ ಹೊತ್ತಿಗೆ 'ಉಳಿದದ್ದು ನಾಳೆ' ಅಂತ ನಿಲ್ಲಿಸುತ್ತಿದ್ದರು, ಇವತ್ತಿನ ಸೀರಿಯಲ್‌ಗಳಿಗೇನೂ ಕಡಿಮೆ ಇರಲಿಲ್ಲ ಅಲ್ವಾ.

ಆಗ ಹೆಸರು ಮಾಡಿದ್ದು ಓಗೊನ್ ಬ್ಯಾಟ್, ಬಂಗಾರದ ತಲೆಬುರುಡೆಯ ಮುಖ, ಬೆನ್ನಿಗೆ ದೊಡ್ಡ ನಿಲುವಂಗಿ ಇರೋ ಹೀರೋ. ಸೂಪರ್‌ಮ್ಯಾನ್ ಅಮೆರಿಕದಲ್ಲಿ ಬಂದದ್ದು 1938ರಲ್ಲಿ, ಇವನು ಅದಕ್ಕೂ ಮೊದಲಿನವನು. ಚಿತ್ರಗಳು ಕೈಯಲ್ಲೇ ಬರೆದವು, ಬೇರೆ ಪ್ರತಿ ಇಲ್ಲ, ಬಾಡಿಗೆಗೆ ಕೊಡೋ ಏಜೆಂಟರ ಮೂಲಕ ಒಬ್ಬರಿಂದ ಒಬ್ಬರಿಗೆ ಸುತ್ತುತ್ತಿದ್ದವು. 1953ರಲ್ಲಿ ಟಿವಿ ಬಂತು, ಮುಂದಿನ ವರ್ಷಗಳಲ್ಲಿ ಬೀದಿಯ ಕಾಮಿಶಿಬಾಯ್ ಸೊರಗಿತು. ಚಿತ್ರ ಬರೆಯುತ್ತಿದ್ದವರಲ್ಲಿ ಹಲವರು ಮಾಂಗಾ (ಜಪಾನಿ ಕಾಮಿಕ್ಸ್) ಕಡೆ ಹೋದರು. ಹೆಸರಾಂತ ಮಾಂಗಾ ಕಲಾವಿದ ಮಿಜುಕಿ ಶಿಗೆರು ಕೂಡ ಹಾಗೆ ಬಂದವರೇ.

ಅಡ್ಡಮಾತು:
@ಹಳೇಸೈಕಲ್ ಎಲ್ಲಾ ಸರಿ, ಆದರೆ ಲೈಬ್ರರಿಯಲ್ಲಿ ಇವರಿಗೆ ಸಿಕ್ಕಿರೋದು ಆ ಮಿಠಾಯಿಯವರ ಕಾಮಿಶಿಬಾಯ್ ಅಲ್ಲ. ಅದು ಬೇರೆ ಕವಲು. 1930ರ ದಶಕದಲ್ಲೇ ಇಮಾಯ್ ಯೋನೆ ಅನ್ನೋ ಕ್ರೈಸ್ತ ಮಹಿಳೆ ಬೈಬಲ್ ಕಥೆಗಳನ್ನು ಹೀಗೆ ಅಚ್ಚು ಹಾಕಿಸಿದರು, ತಕಾಹಾಶಿ ಗೋಜಾನ್ ಶಿಶುವಿಹಾರಗಳಿಗೆ ಅಂತಲೇ ಪ್ರಕಟಿಸಿದರು. ಈಗಿನ ಶಾಲೆ, ಲೈಬ್ರರಿಯ ಸೆಟ್‌ಗಳಿಗೆ ಇವರೇ ಹಿರಿಯರು.

ಇನ್ನೊಂದು ಮಾತು, ಇದನ್ನು ಬರೀ ಸಿಹಿ ನೆನಪು ಅನ್ನೋ ಹಾಗೆ ಎಲ್ಲರೂ ಬರೆಯುತ್ತಾರೆ, ನನಗೆ ಅದು ಹಿಡಿಸೋದಿಲ್ಲ. ಯುದ್ಧದ ಕಾಲದಲ್ಲಿ ಸರ್ಕಾರ ಇದನ್ನೇ ಪ್ರಚಾರಕ್ಕೆ ಬಳಸಿಕೊಂಡಿತ್ತು, ಮಕ್ಕಳಿಗೆ ಮಾತ್ರ ಅಲ್ಲ, ದೊಡ್ಡವರಿಗೂ. ಯುದ್ಧಕ್ಕೆ ಹಣ ಉಳಿಸಿ, ಮಗನನ್ನು ಕಳಿಸಿಕೊಡಿ, ಇಂಥವೇ ಕಥೆಗಳು. ಜನರನ್ನು ಹತ್ತಿರ ಕೂರಿಸಿಕೊಂಡು ಎಲ್ಲರ ಮನಸ್ಸನ್ನೂ ಒಂದೇ ಕಡೆ ತಿರುಗಿಸೋ ಶಕ್ತಿ ಇದಕ್ಕಿದೆ, ಅದಕ್ಕೇ ಅವರಿಗೂ ಬೇಕಾಯಿತು. ಸೋತ ಮೇಲೆ ಅಮೆರಿಕದ ಆಡಳಿತ ಇದರ ಮೇಲೂ ಸೆನ್ಸಾರ್ ಹಾಕಿತು.

ಇಬ್ಬರಮ್ಮ:
ಇಷ್ಟೆಲ್ಲ ಇದೆ ಅಂತ ಅಂದುಕೊಂಡಿರಲಿಲ್ಲ, ಥ್ಯಾಂಕ್ಸ್. ಒಂದು ಅನುಮಾನ. ಹಿಂದಿನ ಜಪಾನಿ ಬಿಟ್ಟು ಕನ್ನಡದ ಚೀಟಿ ಇಟ್ಟುಕೊಂಡರೆ ಯಾವುದು ಯಾವ ಚಿತ್ರಕ್ಕೆ ಅನ್ನೋದು ಕಲಸಿಹೋಗಲ್ವಾ? ಮೊದಲ ಹಾಳೆಯ ಹಿಂದೆ ಎರಡನೇ ಚಿತ್ರದ ಕಥೆ ಇದೆ!

ಪರದೆಹಿಂದೆ:
ಅದು ಹಾಗೇ ಇರಬೇಕು. ಎಳೆದ ಹಾಳೆಯನ್ನು ಎಲ್ಲಕ್ಕಿಂತ ಹಿಂದೆ ಸೇರಿಸುತ್ತೀರಿ, ಆಗ ಅದರ ಬೆನ್ನು ನಿಮ್ಮ ಕಡೆ ಇರುತ್ತದೆ, ಮುಂದೆ ಎರಡನೇ ಚಿತ್ರ ಇರುತ್ತದೆ. ಮೊದಲ ಚಿತ್ರದ ಕಥೆ ಕೊನೇ ಹಾಳೆಯ ಹಿಂದೆ ಸಿಗುತ್ತದೆ. ಚೀಟಿಗಳನ್ನೂ ಅದೇ ಕ್ರಮದಲ್ಲಿ ಇಡಿ, ಆದರೆ ಲೈಬ್ರರಿಯದ್ದು, ಅಂಟಿಸಬೇಡಿ. ನನ್ನ ಕೇಳಿದರೆ ಚೀಟಿಯೇ ಬೇಡ. ಕಥೆ ಗೊತ್ತಿದ್ದರೆ ಬಾಯಲ್ಲೇ ಹೇಳಿ, ಚೀಟಿ ನೋಡುತ್ತಾ ಕೂತರೆ ಮಕ್ಕಳ ಕಡೆ ಯಾರು ನೋಡೋದು? ಸೆಟ್‌ಗಳು ಸಾಮಾನ್ಯವಾಗಿ 12 ಇಲ್ಲ 16 ಹಾಳೆಯವು. ಚಿಕ್ಕವಳಿರೋದರಿಂದ 12ರದ್ದು ತನ್ನಿ, ಅದರಲ್ಲೂ ಮಕ್ಕಳು ಕೂಗಿ ಉತ್ತರ ಕೊಡೋ ಥರದ್ದು ಸಿಕ್ಕರೆ ಅದನ್ನೇ ತನ್ನಿ. ದೊಡ್ಡವನಿಗೆ ಎಳೆಯೋ ಕೆಲಸ ಕೊಟ್ಟುಬಿಡಿ.